ನೋವಿರುವ ಕಾಲಲ್ಲೇ ನಡೆಸೋದು ಹೇಗೆ? ನಮ್ಮ ಮನೆಯ ಅನುಭವ

ಮಂಡ್ಯದವರೊಬ್ಬರು ಕೇಳಿದ್ದಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ, ದಿನಾ ನಡೆಸಿ ಅಂತ ಡಾಕ್ಟರ್ ಹೇಳಿದ್ದಾರೆ, ಆದರೆ ನೋವು ಅನ್ನೋರನ್ನ ನಡೆಸೋಕೆ ಮನಸ್ಸು ಬರ್ತಿಲ್ಲ, ಯಾರಿಗಾದರೂ ಅನುಭವ ಇದೆಯಾ ಅಂತ.

ನಮ್ಮ ಮಾವನವರಿಗೆ ಇದೇ ತೊಂದರೆ. ಮೈಸೂರಲ್ಲಿ ಅರಸು ರಸ್ತೆಗೆ ಕರೆದುಕೊಂಡು ಹೋದರೆ ನಾಲ್ಕು ಅಂಗಡಿಗೊಮ್ಮೆ ನಿಂತು, ಏನೂ ಕೊಳ್ಳೋದಿಲ್ಲದಿದ್ದರೂ ಗಾಜಿನೊಳಗಿನ ಸೀರೆ ನೋಡುತ್ತಿದ್ದರು. ನೋವು ಇಳಿಯೋವರೆಗೆ ಅಷ್ಟೇ. ನಿಂತರೆ ಕೆಲವೇ ನಿಮಿಷದಲ್ಲಿ ಹೋಗಿಬಿಡುತ್ತಿತ್ತು. ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಮಾತ್ರ ಹೋಗುತ್ತೆ ಅಂದರೆ ಬೆನ್ನುಮೂಳೆಯ ನರದ ತೊಂದರೆಯೂ ಇರಬಹುದು, ಅದನ್ನ ಡಾಕ್ಟರ್ ಹತ್ತಿರ ಬಿಡಿಸಿ ಹೇಳಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನೋವು ಬರೋವರೆಗೂ ನಡೆಸಿ. ಚಿಕಿತ್ಸೆ ಇರೋದೇ ಅಲ್ಲಿ. ಹಾಯಾಗಿ, ನೋವು ಬಾರದ ಹಾಗೆ ನಿಧಾನ ನಡೆದರೂ ಸಾಕು ಅಂತ ಎಲ್ಲರೂ ಹೇಳ್ತಾರೆ. ಆದರೆ 2021ರಲ್ಲಿ ಪ್ರಕಟವಾದ ಲೈಟ್ ಅನ್ನೋ ಅಮೆರಿಕದ ಅಧ್ಯಯನದಲ್ಲಿ, ನೋವು ಬರಿಸೋ ವೇಗದಲ್ಲಿ ನಡೆದವರ ನಡಿಗೆ ವರ್ಷದ ಕೊನೆಗೆ ಸುಧಾರಿಸಿತ್ತು, ಹಾಯಾಗಿ ನಡೆದವರದ್ದು ಸುಧಾರಿಸಿರಲಿಲ್ಲ.

ನಾವು ಮಾಡಿದ್ದು ಹೀಗೆ. ನೋವಿಗೆ ಐದರಲ್ಲಿ ಅಂಕ ಕೊಡಿ ಅಂತ ಮಾವನಿಗೆ ಹೇಳಿದ್ವಿ. ಮೂರು, ಬೇಕಾದರೆ ನಾಲ್ಕರ ತನಕ ನಡೆಯೋದು, ಆಮೇಲೆ ನಿಲ್ಲೋದು. ನೋವು ಪೂರ್ತಿ ಇಳಿದ ಮೇಲೆ ಮತ್ತೆ ಹೊರಡೋದು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಾವ ಕಲ್ಲುಬೆಂಚಿನ ಬೆನ್ನು ಹಿಡ್ಕೊಂಡು, ಒಂದು ಕಾಲಿನ ಭಾರ ಬಿಟ್ಟು ನಿಂತು, ‘ಹೂಂ, ಹೋಯ್ತು, ನಡೀ’ ಅನ್ನೋರು. ವಾರಕ್ಕೆ ಮೂರು ದಿನವಾದರೂ ಬೇಕು. ಒಂದು ಸಲಕ್ಕೆ 30ರಿಂದ 45 ನಿಮಿಷದ ತನಕ ನಿಧಾನವಾಗಿ ಏರಿಸಬೇಕು. ಕನಿಷ್ಠ 12 ವಾರ ಬಿಡದೆ ನಡೆದು ನೋಡಬೇಕು, ಅದಕ್ಕೂ ಮೊದಲೇ ಪ್ರಯೋಜನ ಇಲ್ಲ ಅಂತ ಕೈಬಿಡಬೇಡಿ. ನಿಲ್ಲದೆ ಎಂಟು-ಹತ್ತು ನಿಮಿಷ ನಡೆಯೋಕಾದರೆ ವೇಗ ಸ್ವಲ್ಪ ಹೆಚ್ಚಿಸಿ. ಚಾಮುಂಡಿ ಬೆಟ್ಟದ ಮೆಟ್ಟಿಲೇ ಹತ್ತಿಸ್ತೀನಿ ಅಂತ ಮಾತ್ರ ಹೊರಡಬೇಡಿ.

ನಡೆದರೆ ಕಟ್ಟಿದ ರಕ್ತನಾಳ ತೆರೆದುಕೊಳ್ಳಲ್ಲ. ನಾಲೆಯಲ್ಲಿ ನೀರು ಕಮ್ಮಿ ಬಂದರೂ ಗದ್ದೆಗೆ ಹುಷಾರಾಗಿ ಹಾಯಿಸಿದರೆ ಬೆಳೆ ಬರುತ್ತಲ್ವಾ, ಹಾಗೆ ಸ್ನಾಯುಗಳು ಸಿಗೋ ರಕ್ತದಲ್ಲೇ ಹೆಚ್ಚು ಕೆಲಸ ಮಾಡೋದನ್ನ ಕಲಿಯುತ್ತವೆ. ಹಾಗಾಗಿ ನಿಲ್ಲಿಸಿದರೆ ಲಾಭವೂ ಹೋಗುತ್ತೆ.

ಮಾವನ ವಾಕಿಂಗ್ ಗೆಳೆಯರೊಬ್ಬರಿಗೆ ಮಂಡಿನೋವೂ ಇತ್ತು, ಅವರಿಗೆ ಡಾಕ್ಟರ್ ಕೈಯಲ್ಲಿ ಪೆಡಲ್ ತಿರುಗಿಸೋ ಯಂತ್ರ ಹೇಳಿದ್ದರು. ಅದರಿಂದಲೂ ನಡಿಗೆ ಸುಧಾರಿಸುತ್ತೆ. ಇನ್ನೊಬ್ಬರು ಬೀಡಿ ಬಿಡದೆ ನಡೀತಿದ್ದರು. ಬೀಡಿ-ಸಿಗರೇಟು ಮೊದಲು ಬಿಡಿಸಿ, ಅದು ರಕ್ತನಾಳವನ್ನ ಇನ್ನಷ್ಟು ಹಾಳು ಮಾಡುತ್ತೆ. ಮಾತ್ರೆಗಳನ್ನ ನಡಿಗೆ ಶುರು ಮಾಡಿದ್ವಿ ಅಂತ ನಿಲ್ಲಿಸಬೇಡಿ.

ಸಕ್ಕರೆ ಇರೋದರಿಂದ ಪಾದದ ಮೇಲೆ ತುಂಬಾ ಗಮನ ಇರಲಿ. ಬರಿಗಾಲಲ್ಲಿ ನಡೆಸಬೇಡಿ, ಕಾಲು ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡಬೇಡಿ, ಸ್ಪರ್ಶ ಇಲ್ಲದ ಕಾಲಿಗೆ ಸುಟ್ಟಿದ್ದೂ ಗೊತ್ತಾಗಲ್ಲ. ರಾತ್ರಿ ಅಂಗಾಲು, ಬೆರಳು ನಿಮಿಷಗಟ್ಟಲೆ ನೋಡಿ, ಬೆರಳಸಂದಿಯಲ್ಲೂ. ಮಲಗಿದಾಗ ನೋವು ಬಂದು ಕಾಲು ಕೆಳಗೆ ಇಳಿಬಿಟ್ಟರೆ ಹಾಯೆನಿಸಿದರೆ, ಗಾಯ ಮಾಯದಿದ್ದರೆ ನಡಿಗೆ ನಿಲ್ಲಿಸಿ ತಡಮಾಡದೆ ರಕ್ತನಾಳದ ತಜ್ಞರಿಗೆ ತೋರಿಸಿ. ಕಾಲು ದಿಢೀರಂತ ತಣ್ಣಗಾಗಿ ಬಿಳುಚಿಕೊಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ನಡೆಯುವಾಗ ಎದೆ ಹಿಡಿದರೂ ಅಷ್ಟೇ.

ಮಂಡ್ಯದಲ್ಲಾದರೆ ವಿಶ್ವೇಶ್ವರಯ್ಯ ಸ್ಟೇಡಿಯಂ ಸಮತಟ್ಟಾಗಿದೆ, ಬೆಳಗ್ಗೆ ಜೊತೆಗೆ ಒಬ್ಬರು ಇರಿ. ಅಂದ ಹಾಗೆ ಕಾಲು ಮತ್ತು ತೋಳಿನ ಬಿಪಿ ಹೋಲಿಸೋ ಎಬಿಐ ಪರೀಕ್ಷೆ ಆಗಿದೆಯಾ? 0.9ಕ್ಕಿಂತ ಕಮ್ಮಿ ಬಂದರೆ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. ಸಕ್ಕರೆ ಇರೋರಲ್ಲಿ ರಕ್ತನಾಳ ಗಟ್ಟಿಯಾಗಿ ಸಂಖ್ಯೆ ತಪ್ಪಾಗಿ ಜಾಸ್ತಿ ತೋರಿಸಬಹುದು, ಆಗ ಕಾಲಿನ ಹೆಬ್ಬೆರಳಿನ ಬಿಪಿ ನೋಡ್ತಾರೆ. ಎಷ್ಟು ಬಂತು, ಹೃದಯದ ಪರೀಕ್ಷೆ ಆಗಿದೆಯಾ ಅಂತ ತಿಳಿಸಿ, ಮುಂದಿನದು ಆಮೇಲೆ ಹೇಳ್ತೀನಿ.