ವಿಂಡೋಸ್ ಏಳುತ್ತಿಲ್ಲ, ಲಗ್ನಪತ್ರಿಕೆಗಳೆಲ್ಲ ಡೆಸ್ಕ್‌ಟಾಪಲ್ಲೇ ಇವೆ

ಚಿಂತಾಮಣಿ ಡಿಟಿಪಿ:
ಚಿಂತಾಮಣಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು, ಇಷ್ಟೇ ಕೆಲಸ. ನಮ್ಮ ಕಡೆ ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು ಕೇಳುವವರೂ ಇದ್ದಾರೆ. ಹನ್ನೊಂದು ವರ್ಷದ ಪೇಜ್‌ಮೇಕರ್ ಫೈಲುಗಳು ಹಳೇ ವಿಂಡೋಸ್ 7 ಕಂಪ್ಯೂಟರಿನಲ್ಲಿವೆ.

ಮೊನ್ನೆ ಸಂಜೆ ಮೂರು ಸಲ ಕರೆಂಟು ಹೋಗಿ ಬಂತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಯಿತು, ತಪ್ಪು ನನ್ನದೇ. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಅಂತ ಬರುತ್ತಿದೆ, ಅಂದರೆ ವಿಂಡೋಸನ್ನು ಎಬ್ಬಿಸುವ ಫೈಲು ಸಿಗುತ್ತಿಲ್ಲವಂತೆ. ರಿಪೇರಿಯವರು ನೋಡಿ, ‘ಫಾರ್ಮ್ಯಾಟ್ ಹೊಡೀಬೇಕು ಮೇಡಂ, ಡಿ ಡ್ರೈವಲ್ಲಿರೋದು ಉಳಿಯುತ್ತೆ, ಡೆಸ್ಕ್‌ಟಾಪಲ್ಲಿರೋದು ಹೋಗುತ್ತೆ’ ಎಂದರು. ನನ್ನದೆಲ್ಲ ಡೆಸ್ಕ್‌ಟಾಪಲ್ಲೇ ಇದೆ! ಕೈವಾರದ ಪಾರ್ಟಿಯೊಬ್ಬರ 400 ಕಾರ್ಡು ನಾಳಿದ್ದು ಪ್ರೆಸ್ಸಿಗೆ ಹೋಗಬೇಕು. ಪ್ರೂಫು ಎರಡು ಸಲ ತಿದ್ದಿಸಿದ್ದಾರೆ, ಸೋದರಮಾವಂದಿರ ಹೆಸರೇ ಒಂಬತ್ತು. ಫೈಲು ತೆಗೆಯೋಕೆ ದಾರಿ ಇದೆಯಾ?

ಕೋಲಾರದ ಹುಡುಗ:
ಅಕ್ಕಾ, ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ. ವಿಂಡೋಸ್ ಏಳಲಿಲ್ಲ ಅಂದರೆ ಫೈಲು ಹೋಯಿತು ಅಂತ ಅಲ್ಲ. ಮೊದಲು ಕ್ಯಾಬಿನೆಟ್ಟಿಗೆ ಕಿವಿ ಇಟ್ಟು ಕೇಳಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತಿದ್ದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಕೆಡುತ್ತೆ, ಅದು ಡೇಟಾ ರಿಕವರಿಯವರ ಕೆಲಸ.

ಆ ಸದ್ದು ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ, ಪುಕ್ಕಟೆ ಸಿಗುವ ಇನ್ನೊಂದು ಸಿಸ್ಟಂ) ಡೌನ್‌ಲೋಡ್ ಮಾಡಿ, ರೂಫಸ್ ಅನ್ನೋ ಸಣ್ಣ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಹಾಕಿಸಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ, ಖಾಲಿಯದೇ ಇರಲಿ. ಆನ್ ಮಾಡುತ್ತಲೇ ಎಫ್12 ಒತ್ತುತ್ತಿರಿ. ಕೆಲವು ಬೋರ್ಡಿಗೆ ಎಫ್8, ಕೆಲವಕ್ಕೆ ಎಫ್11. ಪಟ್ಟಿ ಬಂದಾಗ ಪೆನ್‌ಡ್ರೈವ್ ಆರಿಸಿ. ಲಿನಕ್ಸ್ ಅದರಿಂದಲೇ ಓಡುತ್ತೆ, ಡಿಸ್ಕಿಗೆ ಏನೂ ಇನ್‌ಸ್ಟಾಲ್ ಆಗಲ್ಲ. ಪರದೆ ಮೇಲೆ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಅಂತ ಒಂದು ಐಕಾನ್ ಕೂತಿರುತ್ತೆ, ಅದನ್ನು ಅಪ್ಪಿತಪ್ಪಿಯೂ ಒತ್ತಬೇಡಿ.

ಸಿ, ಡಿ ಅನ್ನೋ ಹೆಸರಿರಲ್ಲ, ಇಷ್ಟು ಜಿಬಿ ವಾಲ್ಯೂಮ್ ಅಂತ ತೋರಿಸುತ್ತೆ. ಅದರೊಳಗೆ ಯೂಸರ್ಸ್, ಆಮೇಲೆ ನಿಮ್ಮ ಹೆಸರು, ಆಮೇಲೆ ಡೆಸ್ಕ್‌ಟಾಪ್. ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿ. ಹಾಗೇ ವಿಂಡೋಸ್ ಫೋಲ್ಡರಿನ ಫಾಂಟ್ಸ್ ಕೂಡ ತೆಗೆದಿಡಿ. ಆಮೇಲೆ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಗೌರಿಬಿದನೂರು:
ಮೇಡಂ, ಸುಮ್ನೆ ಕೇಳುತ್ತಿದ್ದೇನೆ. ಕಂಪ್ಯೂಟರಿನ ಗಡಿಯಾರ ಹಳೇ ವರ್ಷಕ್ಕೆ ಹೋಗುತ್ತಿತ್ತಾ? ಒಳಗೆ ಎರಡು ಹಾರ್ಡ್‌ಡಿಸ್ಕ್ ಇವೆಯಾ? ಮದರ್‌ಬೋರ್ಡಿನ 2032 ಸೆಲ್ ಸತ್ತಿದ್ದರೆ ಕರೆಂಟು ಹೋದಾಗ ಬಯಾಸ್ (ವಿಂಡೋಸಿಗಿಂತ ಮುಂಚೆ ಏಳುವ, ಬೋರ್ಡಿನದೇ ಪ್ರೋಗ್ರಾಂ) ತನ್ನ ಸೆಟ್ಟಿಂಗ್ ಮರೆತುಬಿಡುತ್ತೆ, ಯಾವ ಡಿಸ್ಕಿನಿಂದ ಏಳಬೇಕು ಅನ್ನೋದನ್ನೂ ಸೇರಿಸಿ. ವಿಂಡೋಸ್ ಇಲ್ಲದ ಡಿಸ್ಕಿನ ಬಾಗಿಲು ತಟ್ಟಿದರೂ ಇದೇ ಸಾಲು ಬರಬಹುದು. ಹಿಂದುಗಡೆ ಪೆನ್‌ಡ್ರೈವ್ ಏನಾದರೂ ಸಿಕ್ಕಿಸಿಯೇ ಬಿಟ್ಟಿದ್ದೀರಾ, ಅದನ್ನೂ ನೋಡಿ. ಆದರೆ ಕಾಪಿ ಮೊದಲು, ರಿಪೇರಿ ಆಮೇಲೆ.

ಚಿಂತಾಮಣಿ ಡಿಟಿಪಿ:
ಟಕ್ ಟಕ್ ಇರಲಿಲ್ಲ, ಪುಣ್ಯ. ತಂಗಿ ಮಗ ಪೆನ್‌ಡ್ರೈವ್ ಮಾಡಿಕೊಟ್ಟ. 2 ಜಿಬಿ ರ‍್ಯಾಮಿನ ಮುದಿ ಯಂತ್ರ, ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಮಿಂಟ್ ಏಳುತ್ತಲೇ ಇತ್ತು. ಕೊನೆಗೆ ಡೆಸ್ಕ್‌ಟಾಪ್ ಫೋಲ್ಡರ್ ಕಂಡಿತು, ಎಲ್ಲ ಇದ್ದ ಹಾಗೇ ಇದೆ.

ಜೊತೆಗೆ 80 ಜಿಬಿಯ ಇನ್ನೊಂದು ವಾಲ್ಯೂಮ್ ಕೂಡ ಇತ್ತು. ಆಗ ನೆನಪಾಯಿತು, ಹಿಂದಿನ ಕಂಪ್ಯೂಟರಿನ ಡಿಸ್ಕನ್ನು ಇದಕ್ಕೇ ಹಾಕಿಸಿದ್ದೆ. ಗೌರಿಬಿದನೂರಿನವರೇ, ನೀವು ಕಣಿ ಹೇಳುತ್ತೀರಾ? ಗಡಿಯಾರ ಆಗಾಗ 2009ಕ್ಕೆ ಹೋಗುತ್ತಿತ್ತು, ನಾನು ಎಫ್1 ಒತ್ತಿ ಮುಂದಕ್ಕೆ ಹೋಗುತ್ತಿದ್ದೆ. ಕಾಪಿ ಮುಗಿದ ಮೇಲೆ ಹೊಸ ಸೆಲ್ ಹಾಕಿ, ಬಯಾಸಿನಲ್ಲಿ ವಿಂಡೋಸ್ ಇರುವ ದೊಡ್ಡ ಡಿಸ್ಕನ್ನು ಮೊದಲಿಗೆ ತಂದೆವು. ವಿಂಡೋಸ್ ಎದ್ದು ಕೂತಿತು!

ಕೋಲಾರದ ತಮ್ಮಾ, ನಿನ್ನನ್ನೂ ನೆನೆಸಿಕೊಂಡೆ. ಅದಕ್ಕೆ ಮುಂಚೆ ಕೈವಾರದವರ ಹೆಸರಿನ ಪಟ್ಟಿಯನ್ನು ಲ್ಯಾಪ್‌ಟಾಪಿನ ವರ್ಡಿನಲ್ಲಿ ತೆರೆದಿದ್ದೆ. ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಟೋಪಿ, ಚುಕ್ಕಿ, ಕೆಳಗೆ ಬಾಲ. ಫೈಲೇ ಕೆಟ್ಟಿದೆ ಅಂತ ಎದೆ ಧಸಕ್ ಎಂದಿತು. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ತೋರಿಸುತ್ತೆ, ಅದು ಲ್ಯಾಪ್‌ಟಾಪಿನಲ್ಲಿರಲಿಲ್ಲ ಅಷ್ಟೇ. ತೆಗೆದಿಟ್ಟದ್ದನ್ನು ಹಾಕಿದ್ದೇ ತಡ, ಒಂಬತ್ತು ಸೋದರಮಾವಂದಿರೂ ಸಾಲಾಗಿ ನಿಂತರು. ಈಗಷ್ಟೇ ಫೋನ್ ಬಂತು, ಹತ್ತನೆಯವರೊಬ್ಬರು ಬಿಟ್ಟುಹೋಗಿದ್ದಾರಂತೆ.