ರಾ ತೆರೆದ್ರೆ ಫೋಟೊ ಮಂಕು, ಬರ್ಸ್ಟ್ ಹೊಡೆದ್ರೆ ಕ್ಯಾಮೆರಾ ಜಾಮ್: ಜೆಪೆಗ್‌ಗೇ ವಾಪಸ್ ಹೋಗ್ಲೇನ್ರಿ?

ಕೊಪ್ಪಳ_ಕ್ಲಿಕ್:
ನಮಸ್ಕಾರ ಎಲ್ಲರಿಗೂ. ಇಷ್ಟ್ ದಿನ ಜೆಪೆಗ್‌ನಾಗ ತೆಗೀತಿದ್ದೆ. ಈಗ ರಾ (ಸೆನ್ಸರಿನ ಕಚ್ಚಾ ಡೇಟಾ ಇರೋ ಫೈಲ್) ಪ್ಲಸ್ ಜೆಪೆಗ್ ಇಟ್ಟೀನಿ, ನಿಕಾನ್ 24 ಮೆಗಾಪಿಕ್ಸೆಲ್. ತೊಂದ್ರಿ ಎರಡು.

ಇಟಗಿ ಮಹಾದೇವ ಗುಡಿಯೊಳಗ ತೆಗೆದ ಫೋಟೊ ಕ್ಯಾಮೆರಾ ಸ್ಕ್ರೀನ್‌ನಾಗ ಚಂದ ಕಾಣ್ತಾವ. ಫೋಟೊ ತಿದ್ದೋ ಸಾಫ್ಟ್‌ವೇರ್ ಲೈಟ್‌ರೂಮ್‌ನಾಗ ತೆರೆದ್ರ ಒಂದ್ ಕ್ಷಣ ಹಂಗೇ ಇದ್ದು, ಆಮ್ಯಾಲ ಕಣ್ಣೆದುರೇ ಮಂಕಾಗ್ತಾವ. ಫೈಲ್ ಕೆಟ್ಟಾವೇನು?

ಇನ್ನೊಂದು, ಗವಿಮಠದ ಜಾತ್ರಿಯೊಳಗ ತೇರಿನ ಮ್ಯಾಲ ಉತ್ತತ್ತಿ ತೂರೋ ಹೊತ್ತಿಗೆ ಸರಿಯಾಗಿ ಬರ್ಸ್ಟ್ (ಒಂದರ ಹಿಂದ ಒಂದು ಪಟಪಟ ತೆಗಿಯೋದು) ನಿಂತೇ ಬಿಡ್ತು. ಕಾರ್ಡಿನ ಲೈಟ್ ಮಿಣಮಿಣ, ಶಟರ್ ಒತ್ತಿದ್ರ ಉಸಿರಿಲ್ಲ.

ರಾಯಚೂರು_ಕೋಟೆ:
ಫೈಲ್ ಕೆಟ್ಟಿಲ್ಲ ಬಿಡ್ರಿ. ಒಂದ್ ಕ್ಷಣ ಚಂದ ಇದ್ದು ಮಂಕಾತು ಅಂದ್ರಲ್ಲ, ಉತ್ತರ ಅಲ್ಲೇ ಅದ. ರಾ ಫೈಲ್ ಒಳಗ ಕ್ಯಾಮೆರಾ ತಾನೇ ತಯಾರು ಮಾಡಿದ ಜೆಪೆಗ್ ಒಂದು ಕೂತಿರ್ತದ. ಹಿಂದಿನ ಸ್ಕ್ರೀನ್‌ನಾಗ ನೀವು ನೋಡೋದು ಅದನ್ನೇ, ಹಿಸ್ಟೋಗ್ರಾಮ್ (ಬೆಳಕು-ಕತ್ತಲಿನ ಗ್ರಾಫು) ಸುದ್ದಾ ಅದರದೇ. ಲೈಟ್‌ರೂಮ್ ಮೊದಲು ಅದನ್ನ ತೋರಿಸಿ, ಆಮೇಲೆ ಸೆನ್ಸರಿನ ಡೇಟಾದಿಂದ ತನ್ನದೇ ಚಿತ್ರ ಕಟ್ತದ. ಅದಕ್ಕ ಕಾಂಟ್ರಾಸ್ಟು, ಬಣ್ಣ ನೀವೇ ಹಾಕಬೇಕು.

ಬರೇ ಮಂಕಲ್ಲ, ಕತ್ತಲೂ ಆಗಿದ್ರ ಆ್ಯಕ್ಟಿವ್ ಡಿ-ಲೈಟಿಂಗ್ ಆನ್ ಅದನೋ ನೋಡ್ರಿ. ಬೆಳಕಿನ ಭಾಗ ಸುಡಬಾರದಂತ ಅದು ಎಕ್ಸ್‌ಪೋಷರ್ ಇಳಿಸಿ, ನೆರಳನ್ನ ಜೆಪೆಗ್‌ನಾಗ ಮಾತ್ರ ಎತ್ತಿ ಕೊಡ್ತದ. ರಾ ಕತ್ತಲಾಗೇ ಉಳೀತದ. ರಾ ತೆಗಿಯೋರಿಗೆ ಅದು ಆಫ್ ಇರೋದೇ ಚಲೋ.

ಆದ್ರ ಇಟಗಿಗೆ ರಾ ಬಿಡಬ್ಯಾಡ್ರಿ. 1112ರ ಗುಡಿ, ಕಡೆದು ನುಣುಪು ಮಾಡಿದ ಕಂಬ, ಹೊರಗ ರಣ ಬಿಸಿಲು. ಜೆಪೆಗ್‌ನಾಗ ಒಂದೊಂದು ಬಣ್ಣಕ್ಕ ಇರೋದು 256 ಮಟ್ಟ, 14 ಬಿಟ್ ರಾದಾಗ 16,384. ಕಂಬದ ನೆರಳಿನ ಕಡಿ ಎತ್ತಿ ನೋಡ್ರಿ: ಜೆಪೆಗ್‌ನಾಗ ತೇಪೆ ತೇಪೆ ಬಣ್ಣ ಬರ್ತದ, ರಾದಾಗ ಉಳಿಯ ಗೆರೆ ಬರ್ತದ. ಹಂಗಂತ ಬಾಗಿಲ ಹೊರಗಿನ ಆಕಾಶ ಪೂರಾ ಸುಟ್ಟು ಬೆಳ್ಳಗಾಗಿದ್ರ ರಾನೂ ಏನೂ ಮಾಡಂಗಿಲ್ಲ.

ಬಳ್ಳಾರಿ_ಸ್ಟುಡಿಯೊ:
ಗುಡಿಗೆ ಒಪ್ಪಿದೆ ಸಾರ್. ತೇರಿಗೆ ಮಾತ್ರ ಬರೀ ಜೆಪೆಗ್ ಇಡ್ರಿ. 24 ಮೆಗಾಪಿಕ್ಸೆಲ್ ರಾ ಒಂದಕ್ಕೆ 25-30 ಎಂಬಿ ಆಗುತ್ತೆ, ಜತೆಗೆ ಜೆಪೆಗ್ಗೂ ಬರೀಬೇಕು ಅಂದ್ರೆ ಬಫರ್ (ಕಾರ್ಡಿಗೆ ಬರಿಯೋ ತನಕ ಫೋಟೊ ಕಾಯೋ ಜಾಗ) ತುಂಬದೆ ಇನ್ನೇನು? ಕಾರ್ಡಿನ ಮೇಲೆ ವಿ ಅಂತ ಸ್ಪೀಡಿನ ಗುರುತು ಇದ್ಯಾ ನೋಡಿ ಹೇಳ್ರಿ. ನಾವು ಮದುವೆಗೂ ಜೆಪೆಗ್ಗೇ. ಊಟದ ಪಂಕ್ತಿ ಏಳೋದ್ರೊಳಗೆ ವಾಟ್ಸಾಪ್‌ಗೆ ಫೋಟೊ ಕೇಳೋ ಜನಕ್ಕೆ ರಾ ತಗೊಂಡು ಏನು ಮಾಡ್ಲಿ? ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹದ) ಆಟೋ ಬಿಟ್ಟು ಕೈಯಿಂದ ಸೆಟ್ ಮಾಡ್ತೀನಿ, ಬಿಳಿ ಪಂಚೆ ಸುಡದಂಗೆ ಎಕ್ಸ್‌ಪೋಷರ್ ಚೂರು ಇಳಿಸ್ತೀನಿ, ಮುಗೀತು.

ರಾಯಚೂರು_ಕೋಟೆ:
ತಾಳಿ ಕಟ್ಟೋ ಫೋಟೊ ಮಂಟಪದ ಬಣ್ಣದ ಎಲ್‌ಇಡಿಗೆ ನೇರಳೆ ಆದಾಗ ನೋಡೋಣಂತ! ಜೆಪೆಗ್‌ನಾಗ ಅದನ್ನ ಸರಿ ಮಾಡೋದು ಬಾಳ ಕಷ್ಟ. ತೇರಿಗೆ ನಂದೂ ಜೆಪೆಗ್ಗೇ ಓಟು.

ಕೊಪ್ಪಳ_ಕ್ಲಿಕ್:
ಡಿ-ಲೈಟಿಂಗ್ ಆಟೋದಾಗ ಇತ್ತು, ಆಫ್ ಮಾಡೀನಿ. ಮನಿಯೊಳಗ ಕಿಟಕಿ ಎದುರು ತೆಗೆದು ನೋಡಿದೆ, ಈಗ ಅಷ್ಟು ಕತ್ತಲಿಲ್ಲ. ಕಾರ್ಡಿನ ಮ್ಯಾಲ ವಿ ಅಂತ ಏನೂ ಇಲ್ಲ, ಸಿ ಒಳಗ 10 ಅಂತ ಐತಿ.

ಬಳ್ಳಾರಿ_ಸ್ಟುಡಿಯೊ:
ಸಿಕ್ತು ನೋಡ್ರಿ. ಆ 10 ಅಂದ್ರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರಿಯೋ ಗ್ಯಾರಂಟಿ, ಅಷ್ಟೆ. ನಿಮ್ಮ ಒಂದು ರಾಗೇ ಎರಡ್ಮೂರು ಸೆಕೆಂಡ್ ಬೇಕಾಗಬಹುದು. ವಿ30 ಇರೋದು ತಗೊಳ್ರಿ, ಅದು ಕನಿಷ್ಠ 30. ಪ್ಯಾಕೆಟ್ ಮೇಲೆ ದಪ್ಪಗೆ 170, 200 ಅಂತ ಹಾಕಿರ್ತಾರಲ್ಲ, ಅದು ಓದೋ ಸ್ಪೀಡು, ಅದಕ್ಕೆ ಮರುಳಾಗಬೇಡ್ರಿ. ಕ್ಯಾಮೆರಾ ಯುಎಚ್‌ಎಸ್-1 (ಕಾರ್ಡ್ ಜೋಡಣೆಯ ನಿಧಾನದ ದರ್ಜೆ) ಮಾತ್ರ ಆದ್ರೆ ವಿ90 ಕಾರ್ಡಿಗೆ ದುಡ್ಡು ಸುರಿಯೋದೂ ದಂಡ.