ನ್ಯಾಟ್ ಟೈಪ್ 3 ಬರ್ತಿದೆ, ಪ್ಲ್ಯಾನ್ ಬದಲಿಸಬೇಕಾ?

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮಸ್ಕಾರ ಸರ್. ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ಮಗ ಪಿಎಸ್5 ಗೇಮ್ ಕನ್ಸೋಲ್‌ನಲ್ಲಿ ಆಡುತ್ತಾನೆ. ಕೆಲವು ಸ್ನೇಹಿತರ ಪಾರ್ಟಿಗೆ (ಆಡುತ್ತಾ ಮಾತಾಡುವ ಗುಂಪಿಗೆ) ಸೇರಲು ಆಗುತ್ತಿಲ್ಲ, ಸೇರಿದರೂ ಅವರ ಮಾತು ಕೇಳಿಸುವುದಿಲ್ಲ. ಟೆಸ್ಟ್ ಮಾಡಿದರೆ ನ್ಯಾಟ್ ಟೈಪ್ 3 ಅಂತ ಬರುತ್ತದೆ. ವಿಡಿಯೋ ನೋಡಿಕೊಂಡು ಪೋರ್ಟ್ ಫಾರ್ವರ್ಡಿಂಗ್ (ಗೇಮಿನ ಡೇಟಾ ಒಳಬರಲು ರೂಟರಿನಲ್ಲಿ ದಾರಿ ತೆಗೆಯುವುದು) ಮಾಡಿದೆವು, ಏನೂ ಆಗಲಿಲ್ಲ. 300 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿದರೆ ಸರಿ ಹೋಗುತ್ತದಾ?

ಉತ್ತರ (ನೆಟ್‌ವರ್ಕ್ ಟೆಕ್ನಿಷಿಯನ್): ಹಾಕಿಸಬೇಡಿ, ದುಡ್ಡು ದಂಡ. ನ್ಯಾಟ್ ಅಂದರೆ ಹೊರಗಿನ ಒಂದೇ ಐಪಿ ವಿಳಾಸವನ್ನು ಮನೆಯ ಎಲ್ಲ ಸಾಧನಗಳಿಗೂ ಹಂಚುವ ರೂಟರಿನ ಕೆಲಸ. ಟೈಪ್ 3 ಅಂದರೆ ಹೊರಗಿನಿಂದ ಬರುವ ಕನೆಕ್ಷನ್‌ಗೆ ತಡೆ ಹೆಚ್ಚು ಅಂತ. ಗೇಮ್ ಡೌನ್‌ಲೋಡ್ ಮಾಡಲು ಸ್ಪೀಡ್ ಬೇಕು, ಆಡುವಾಗ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಖರ್ಚಾಗುವುದಿಲ್ಲ. ಒಂದು ಹೇಳಿ, ಮನೆಯಲ್ಲಿ ಎಷ್ಟು ಡಬ್ಬಿಗಳಿವೆ? ಫೈಬರಿನವರು ಕೊಟ್ಟ ಒಂದೇನಾ, ಇಲ್ಲ ನೀವೂ ಬೇರೆ ರೂಟರ್ ಹಾಕಿದ್ದೀರಾ?

ಪ್ರಶ್ನೆ: ಎರಡಿವೆ ಸರ್. ಮಹಡಿಗೆ ವೈಫೈ ಬರುತ್ತಿರಲಿಲ್ಲ ಅಂತ ನಾವೇ ಒಂದು ತಂದೆವು. ಪಿಎಸ್5 ಅದಕ್ಕೇ ಕನೆಕ್ಟ್ ಆಗಿದೆ.

ಉತ್ತರ: ಹಾಗಾದರೆ ಅಲ್ಲೇ ನೋಡಬೇಕು. ಎರಡೂ ರೂಟರ್‌ಗಳು ನ್ಯಾಟ್ ಮಾಡುತ್ತಿರಬಹುದು. ಇದಕ್ಕೆ ಡಬಲ್ ನ್ಯಾಟ್ ಅನ್ನುತ್ತೇವೆ. ನೀವು ಪೋರ್ಟ್ ತೆಗೆದದ್ದು ಮಹಡಿಯ ರೂಟರಿನಲ್ಲಿ ಅಲ್ವಾ? ಮನೆ ಬಾಗಿಲು ತೆಗೆದಿಟ್ಟು ಕಾಂಪೌಂಡ್ ಗೇಟಿಗೆ ಬೀಗ ಹಾಕಿದ ಹಾಗೆ ಅದು.

ಮಹಡಿಯ ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಗಿನ ಕಡೆಯ ವಿಳಾಸ) ನೋಡಿ. ಅದು 192.168 ಅಂತ ಶುರುವಾದರೆ ಡಬಲ್ ನ್ಯಾಟ್ ಇದ್ದಂತೆಯೇ. ಆಗ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆಮೇಲೆ ಅದು ವೈಫೈ ಹಂಚುವ ಕೆಲಸ ಮಾತ್ರ ಮಾಡುತ್ತದೆ. ಕೆಳಗಿನ ಡಬ್ಬಿಯಲ್ಲಿ ಯುಪಿಎನ್‌ಪಿ ಆನ್ ಮಾಡಿ. ಗೇಮಿಗೆ ಬೇಕಾದ ಪೋರ್ಟ್ ಅದೇ ತೆಗೆದುಕೊಳ್ಳುತ್ತದೆ. ಹಳೆಯ ಫಾರ್ವರ್ಡಿಂಗ್ ಅಳಿಸಿಬಿಡಿ. ಎರಡನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ ಟೆಸ್ಟ್ ಮಾಡಿ. ಟೈಪ್ 2 ಬಂದರೆ ಸಾಕು. ಟೈಪ್ 1 ಅನ್ನುವುದು ರೂಟರ್ ಇಲ್ಲದೆ ನೇರ ಕನೆಕ್ಟ್ ಮಾಡಿದವರಿಗೆ, ಅದರ ಹಿಂದೆ ಬೀಳಬೇಡಿ. ಡಿಎಂಜೆಡ್ (ಒಂದು ಸಾಧನಕ್ಕೆ ಎಲ್ಲ ಪೋರ್ಟ್‌ಗಳನ್ನೂ ತೆರೆದಿಡುವುದು) ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಕೇಳಿ ಬಿಟ್ಟುಬಿಡಿ.

ಪ್ರಶ್ನೆ (ಮಂಡ್ಯ): ಅಣ್ಣ, ನಮ್ಮ ಮನೆಯಲ್ಲಿ ಒಂದೇ ರೂಟರ್. ಆದರೂ ಟೈಪ್ 3. ವ್ಯಾನ್ ಐಪಿ 100.72 ಅಂತ ಶುರುವಾಗುತ್ತದೆ.

ಉತ್ತರ: ನಿಮ್ಮದು ಬೇರೆ ಕಥೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳು ತಮ್ಮೊಳಗೆ ಬಳಸಲೆಂದೇ 2012ರಲ್ಲಿ ಮೀಸಲಿಟ್ಟರು. ಐಪಿವಿ4 ಅನ್ನುವ ಹಳೆಯ ಮಾದರಿಯ ಇಂಟರ್ನೆಟ್ ವಿಳಾಸ ಸಾಕಾಗುತ್ತಿಲ್ಲ, ಹಾಗಾಗಿ ಒಂದೇ ಸಾರ್ವಜನಿಕ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚುತ್ತಾರೆ. ಇದಕ್ಕೆ ಸಿಜಿನ್ಯಾಟ್ ಅಂತ ಹೆಸರು. ಬೀಗ ಕಂಪನಿಯ ಕಡೆ ಇದೆ, ನಿಮ್ಮ ರೂಟರಿನಲ್ಲಿ ಏನು ತಿದ್ದಿದರೂ ಅದು ತೆಗೆಯುವುದಿಲ್ಲ. ಕಂಪನಿಗೆ ಫೋನ್ ಮಾಡಿ "ಪಬ್ಲಿಕ್ ಐಪಿ ಅಥವಾ ಸ್ಟ್ಯಾಟಿಕ್ ಐಪಿ ಬೇಕು" ಎಂದು ಕೇಳಿ. ಹೆಚ್ಚಿನ ಕಡೆ ಇದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಕಸ್ಟಮರ್ ಕೇರ್‌ನಲ್ಲಿ ಫೋನ್ ಎತ್ತಿದವರಿಗೆ ಅರ್ಥವಾಗದಿದ್ದರೆ ಕೇಬಲ್ ಹಾಕಲು ಬಂದ ಹುಡುಗನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ.

ಪ್ರಶ್ನೆ (ಕುವೆಂಪುನಗರ): ಸರ್, ವ್ಯಾನ್ ಐಪಿ 192.168 ಅಂತಲೇ ಇತ್ತು. ನೀವು ಹೇಳಿದ ಹಾಗೆ ಮಾಡಿದೆವು, ಟೈಪ್ 2 ಬಂತು, ಮಾತೂ ಕೇಳಿಸುತ್ತಿದೆ! ಆದರೆ ಸಂಜೆ ಹೊತ್ತು ಪಿಂಗ್ (ಸರ್ವರ್‌ಗೆ ಡೇಟಾ ಹೋಗಿ ಬರುವ ಸಮಯ) ಒಮ್ಮೊಮ್ಮೆ 30ರಿಂದ 200 ಮಿಲಿಸೆಕೆಂಡ್‌ಗೆ ಹಾರುತ್ತದೆ.

ಉತ್ತರ: ಅದಕ್ಕೂ ನ್ಯಾಟ್‌ಗೂ ಸಂಬಂಧವಿಲ್ಲ. ಆ ಹೊತ್ತಿಗೆ ಯಾರದೋ ಫೋನ್ ಫೋಟೋಗಳನ್ನು ಬ್ಯಾಕಪ್ ಮಾಡುತ್ತಿರಬಹುದು. ಅಪ್‌ಲೋಡ್ ತುಂಬಿದರೆ ಗೇಮಿನ ಡೇಟಾ ಸಾಲಿನಲ್ಲಿ ಕಾಯುತ್ತದೆ. ಬ್ಯಾಕಪ್ಪನ್ನು ರಾತ್ರಿಗೆ ಹಾಕಿ. ರೂಟರಿನಲ್ಲಿ ಕ್ಯೂಒಎಸ್ (ಯಾವ ಡೇಟಾಗೆ ಮೊದಲ ಸರದಿ ಅಂತ ನಿಯಂತ್ರಿಸುವ ಸೆಟ್ಟಿಂಗ್) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಮಗೆ ಸಿಗುವ ಸ್ಪೀಡಿನ ಶೇ. 85ರಷ್ಟಕ್ಕೆ ಇಡಿ. ಆದರೆ ಮೊದಲು ಪಿಎಸ್5ಗೆ ಲ್ಯಾನ್ ಕೇಬಲ್ ಎಳೆಯಿರಿ, ಕ್ಯಾಟ್ 5ಇ ಸಾಕು. ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಹಾಕಿ. 2.4ರಲ್ಲಿ ಅಕ್ಕಪಕ್ಕದ ಮನೆಗಳದ್ದೇ ಗಲಾಟೆ ಜಾಸ್ತಿ.

ಪ್ರಶ್ನೆ: 30ಕ್ಕಿಂತ ಕಡಿಮೆ ಮಾಡಲು ಆಗಲ್ವಾ ಸರ್? ಮಗ ಕೇಳುತ್ತಿದ್ದಾನೆ.

ಉತ್ತರ: ಸರ್ವರ್ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಫೈಬರಿನಲ್ಲಿ ಬೆಳಕು 1000 ಕಿ.ಮೀ. ಹೋಗಿ ಬರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಗೇಮಿನಲ್ಲಿ ಸರ್ವರ್ ಆರಿಸಲು ಬಿಟ್ಟರೆ ಸಿಂಗಪುರ ಬಿಟ್ಟು ಮುಂಬೈ ಹಾಕಲು ಹೇಳಿ. 30 ಅಂದರೆ ಚೆನ್ನಾಗಿಯೇ ಇದೆ, ಸೋತರೆ ರೂಟರ್ ಬೈಯುವುದು ಬೇಡ ಅನ್ನಿ ಅವನಿಗೆ!